ಸಕ್ಕರೆ ಕಾಣದ ಮೀಟರು

ಬಾಯ್ಲರ್‌ನಿಂದ ಹಿಡಿದ ನೀರಿಗೆ ಸುಟ್ಟ ಬೆಲ್ಲದ ವಾಸನೆ ಬಂತೆಂದರೆ ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲರ ಮುಖ ಸಪ್ಪಗಾಗುತ್ತದೆ. ವಾಸನೆಯೇನೋ ಚೆನ್ನಾಗಿಯೇ ಇರುತ್ತದೆ, ಜಾತ್ರೆಯ ಮಿಠಾಯಿ ಅಂಗಡಿಯ ಹಾಗೆ. ಆದರೆ ಅಷ್ಟು ಹೊತ್ತಿಗೆ ಕಬ್ಬಿನ ರಸ ಬಾಯ್ಲರ್ ಹೊಕ್ಕು, ಅಲ್ಲಿನ ಬಿಸಿಗೆ ಒಡೆದು, ಆಮ್ಲವಾಗಿ, ಕೊಳವೆಗಳನ್ನು ತಿನ್ನಲು ಶುರು ಮಾಡಿರುತ್ತದೆ. ನೀರಿನ ಪಿಎಚ್ ಇಳಿಯುತ್ತದೆ. ನೊರೆ ಏಳುತ್ತದೆ. ಕೊಳವೆಯೊಳಗೆ ಇದ್ದಿಲಿನಂಥ ಪದರ ಕೂರುತ್ತದೆ.

ರಸ ಅಲ್ಲಿಗೆ ಹೋಗುವುದಾದರೂ ಹೇಗೆ? ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ. ಆ ನೀರನ್ನು ಓಡಿಸಲು ರಸವನ್ನು ಸಾಲಾಗಿ ನಿಂತ ದೊಡ್ಡ ಪಾತ್ರೆಗಳಲ್ಲಿ ಕುದಿಸುತ್ತಾರೆ. ಕಾರ್ಖಾನೆಯವರು ಇವುಗಳಿಗೆ 'ಬಾಡಿ' ಅನ್ನುತ್ತಾರೆ. ಮೊದಲ ಬಾಡಿಗೆ ಟರ್ಬೈನ್‌ನಿಂದ ಬಂದ ಹಬೆಯ ಬಿಸಿ. ಅಲ್ಲಿ ರಸದಿಂದ ಎದ್ದ ಆವಿಯೇ ಎರಡನೆಯದಕ್ಕೆ ಬಿಸಿ. ಹೀಗೆ ಮುಂದಕ್ಕೆ. ಬಿಸಿ ಕೊಟ್ಟು ತಣಿದ ಹಬೆ ನೀರಾಗುತ್ತದೆ. ಅದೇ ಕಂಡೆನ್ಸೇಟ್. ಬಿಸಿಬಿಸಿ ನೀರು, ಉಪ್ಪಿನಂಶ ಇಲ್ಲವೇ ಇಲ್ಲ ಅನ್ನಬಹುದು. ಬಾಯ್ಲರ್‌ಗೆ ಇದಕ್ಕಿಂತ ಒಳ್ಳೆಯ ನೀರು ಸಿಕ್ಕದು. ಹಾಗಾಗಿ ವಾಪಸ್ ಕಳಿಸುತ್ತಾರೆ.

ಆದರೆ ಹಬೆಗೂ ರಸಕ್ಕೂ ನಡುವೆ ಇರುವುದು ತೆಳು ಕೊಳವೆಯ ಗೋಡೆ ಮಾತ್ರ. ಅದು ತೂತಾದರೆ, ಹಬೆಯ ಒತ್ತಡ ಇಳಿದ ಹೊತ್ತಲ್ಲಿ ರಸ ಈ ಕಡೆ ನುಗ್ಗುತ್ತದೆ. ಮುಂದಿನ ಬಾಡಿಗಳ ಕಂಡೆನ್ಸೇಟ್ ಇನ್ನೂ ನಂಬಿಕೆಗೆ ಸಲ್ಲದ್ದು. ರಸ ಜೋರಾಗಿ ಕುದಿದಾಗ ಸಣ್ಣ ಸಣ್ಣ ಹನಿಗಳು ಆವಿಯ ಬೆನ್ನೇರಿ ಬಂದುಬಿಡುತ್ತವೆ.

ಇದನ್ನು ಹಿಡಿಯಲು ಪೈಪಿನಲ್ಲೇ ಒಂದು ಕಾವಲುಗಾರನನ್ನು ಕೂರಿಸುತ್ತಾರೆ. ಹೆಸರು ಕಂಡಕ್ಟಿವಿಟಿ ಮೀಟರ್. ನೀರಲ್ಲಿ ಮುಳುಗಿದ ಎರಡು ಲೋಹದ ತುಂಡು, ಅವುಗಳ ನಡುವೆ ಸ್ವಲ್ಪ ಕರೆಂಟು, ಅಷ್ಟೇ. ಮನೆಗೆ ಫಿಲ್ಟರ್ ಮಾರಲು ಬರುವವರು ಲೋಟಕ್ಕೆ ಅದ್ದಿ ತೋರಿಸುವ ಟಿಡಿಎಸ್ ಕಡ್ಡಿಯೂ ಇದೇ ಜಾತಿ. ಅದು ಉಪ್ಪನ್ನು ತೂಗುವುದಿಲ್ಲ. ಕರೆಂಟು ಎಷ್ಟು ಹರಿಯಿತು ಅಂತ ನೋಡಿ, ಒಂದು ಅಂದಾಜಿನ ಸಂಖ್ಯೆಯಿಂದ ಗುಣಿಸಿ, ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಪಾಲು, ಅಂತ ಬರೆದು ತೋರಿಸುತ್ತದೆ.

ನೀರು ತಾನಾಗಿ ಕರೆಂಟನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಅದರಲ್ಲಿ ಕರಗಿದ ಉಪ್ಪು, ಆಮ್ಲ, ಕ್ಷಾರಗಳು ಅಯಾನುಗಳಾಗಿ, ಅಂದರೆ ವಿದ್ಯುತ್ ಅಂಶವಿರುವ ಕಣಗಳಾಗಿ, ಒಡೆದು ಕರೆಂಟು ಹೊರುತ್ತವೆ. 25 ಡಿಗ್ರಿಯಲ್ಲಿ ಅಪ್ಪಟ ನೀರಿನ ಅಳತೆ ಸೆಂಟಿಮೀಟರಿಗೆ 0.055 ಮೈಕ್ರೋಸೀಮೆನ್ಸ್ (ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ಮಾನ). ಸಮುದ್ರದ ನೀರಿನದು ಸುಮಾರು 50,000. ಅಂದರೆ ಒಂಬತ್ತು ಲಕ್ಷ ಪಟ್ಟು ಜಾಸ್ತಿ! ಇಷ್ಟು ಅಗಲದ ಪಟ್ಟಿ ಇರುವ ಅಳತೆ ನೀರಿನ ವಿಷಯದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಇದನ್ನು ಸರಿಯಾಗಿ ಅಳೆಯುವುದನ್ನು ಕಲಿಸಿದವರು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಕೋಲ್‌ರಾಶ್. ಒಂದೇ ಕಡೆ ಹರಿಯುವ ಡಿಸಿ ಕರೆಂಟು ಕೊಟ್ಟರೆ ಅಯಾನುಗಳು ಲೋಹದ ಮುಂದೆ ಗುಂಪುಗೂಡಿ ಲೆಕ್ಕ ಕೆಡಿಸುತ್ತವೆ. ಅವರು ಆ ಕಡೆ ಈ ಕಡೆ ಬದಲಾಗುವ ಎಸಿ ಬಳಸಿದರು. ಆಗಷ್ಟೇ ಬಂದಿದ್ದ ಟೆಲಿಫೋನನ್ನು ಕಿವಿಗಿಟ್ಟುಕೊಂಡು, ಗುಂಯ್ ಸದ್ದು ಎಲ್ಲಿ ಅಡಗುತ್ತದೆ ಅಂತ ಕೇಳಿ ಅಳತೆ ಮಾಡುತ್ತಿದ್ದರು. 1894ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಹೈಡ್‌ವೈಲರ್ ಜೊತೆ ಸೇರಿ, ನೀರನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ, ಅಪ್ಪಟ ನೀರಿನ ಇವತ್ತಿನ ಸಂಖ್ಯೆಯ ಹತ್ತಿರಕ್ಕೇ ಬಂದಿದ್ದರು. ಈಗಿನ ಮೀಟರಿನ ಹೊಟ್ಟೆಯಲ್ಲಿ ಇರುವುದೂ ಅದೇ ಎಸಿ ಉಪಾಯ.

ಗಂಟೆಗೊಮ್ಮೆ ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬ್‌ಗೆ ಒಯ್ದರೆ ಸಾಲದಾ? ಗಂಟೆಗೆ 100 ಟನ್ ಹಬೆ ಮಾಡುವ ಬಾಯ್ಲರ್ ಇದೆ ಅಂದುಕೊಳ್ಳಿ. ಎರಡು ಬಾಟಲಿಗಳ ನಡುವೆ 100 ಟನ್ ನೀರು ಒಳಗೆ ಹೋಗಿಯಾಯಿತು. ಪೈಪಿನ ಮೀಟರಾದರೆ ಕೆಲವೇ ಸೆಕೆಂಡುಗಳಲ್ಲಿ ಹೇಳುತ್ತದೆ. ಅದಕ್ಕೆ ವಾಲ್ವ್ ಜೋಡಿಸಿದ್ದರೆ, ಸಂಖ್ಯೆ ಏರಿದ ತಕ್ಷಣ ಆ ನೀರು ಬಾಯ್ಲರ್ ಬಿಟ್ಟು ಬೇರೆ ಟ್ಯಾಂಕಿನ ಕಡೆ ತಿರುಗುತ್ತದೆ.

ಇಲ್ಲೊಂದು ತಮಾಷೆ ಇದೆ. ಸಕ್ಕರೆ ಕಾರ್ಖಾನೆಯ ಈ ಕಾವಲುಗಾರನಿಗೆ ಸಕ್ಕರೆಯೇ ಕಾಣುವುದಿಲ್ಲ.

ಮನೆಯಲ್ಲಿ ಟಿಡಿಎಸ್ ಕಡ್ಡಿ ಇದ್ದರೆ ನೋಡಿ. ಫಿಲ್ಟರ್ ನೀರು ಮೂರು ಲೋಟ ಇಡಿ. ಒಂದಕ್ಕೆ ಚಿಟಿಕೆ ಉಪ್ಪು ಹಾಕಿದರೆ ಸಂಖ್ಯೆ ಸಾವಿರ ದಾಟಿ ಹಾರುತ್ತದೆ. ಇನ್ನೊಂದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕಲಕಿ. ಬಾಯಿಗಿಟ್ಟರೆ ಸಿಹಿ, ಆದರೆ ಮೀಟರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಸಕ್ಕರೆ ಕರಗಿದರೂ ಅಯಾನುಗಳಾಗಿ ಒಡೆಯುವುದಿಲ್ಲ, ಕರೆಂಟು ಹೊರುವುದಿಲ್ಲ. ಮೂರನೆಯದಕ್ಕೆ ಅಷ್ಟೇ ಬೆಲ್ಲ ಹಾಕಿ. ಈಗ ಸಂಖ್ಯೆ ಚೆನ್ನಾಗಿಯೇ ಏರುತ್ತದೆ! ಕಬ್ಬಿನಲ್ಲಿದ್ದ ಪೊಟ್ಯಾಸಿಯಂ ಮುಂತಾದ ಲವಣಗಳು ಬೆಲ್ಲದಲ್ಲಿ ಉಳಿದಿರುತ್ತವಲ್ಲ, ಅದಕ್ಕೆ.

ಕಾರ್ಖಾನೆಯ ಮೀಟರು ರಸವನ್ನು ಹಿಡಿಯುವುದೂ ಹೀಗೇ. ಸಕ್ಕರೆಯ ಜೊತೆ ಬಂದ ಲವಣ ನೋಡಿ ಕೂಗುತ್ತದೆ. ಶುದ್ಧ ಸಕ್ಕರೆಯನ್ನು ಕರಗಿಸಿ ಮತ್ತೆ ಕುದಿಸುವ ರಿಫೈನರಿಯಲ್ಲಿ ಲವಣ ತೀರಾ ಕಡಿಮೆ. ಅಲ್ಲಿ ಇದನ್ನೊಂದನ್ನೇ ನಂಬಿ ಕೂತರೆ ಮೋಸ. ಹಾಗಾಗಿ ಹಳೆಯ ಆಲ್ಫಾ ನಾಫ್ತಾಲ್ ಪರೀಕ್ಷೆ ಇನ್ನೂ ಬದುಕಿದೆ. ಕೊಳವೆಯಲ್ಲಿ ನೀರು, ಎರಡು ಹನಿ ಆಲ್ಫಾ ನಾಫ್ತಾಲ್, ಗೋಡೆಗುಂಟ ನಿಧಾನಕ್ಕೆ ಬಿಟ್ಟ ಗಂಧಕಾಮ್ಲ. ಎರಡೂ ಸೇರುವಲ್ಲಿ ನೇರಳೆ ಬಳೆ ಮೂಡಿದರೆ ಸಕ್ಕರೆ ಬಂದಿದೆ ಅಂತ ಅರ್ಥ.

ವಿದ್ಯುತ್ ಸ್ಥಾವರಗಳಲ್ಲಿ ಸಮಸ್ಯೆ ಉಲ್ಟಾ. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ಸ್ಥಾವರದಂಥ ಕರಾವಳಿಯ ಕಡೆ ಹಬೆಯನ್ನು ತಣಿಸಲು ಸಮುದ್ರದ ನೀರು ಬಳಸುತ್ತಾರೆ. ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಒಳಗೆ ನಿರ್ವಾತ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಉಪ್ಪುನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಪ್ಪು ಮೀಟರಿಗೆ ಕಾಣುತ್ತದೆ, ಸರಿ. ಆದರೆ ಕೊಳವೆ ತುಕ್ಕು ಹಿಡಿಯದಿರಲಿ ಅಂತ ಬಾಯ್ಲರ್‌ಗೆ ಹೋಗುವ ನೀರಿಗೆ ಬೇಕಂತಲೇ ಅಮೋನಿಯಾ ಹಾಕಿರುತ್ತಾರೆ. ಅದೂ ಕರೆಂಟು ಹೊರುತ್ತದೆ. ಸಂತೆ ಗಲಾಟೆಯಲ್ಲಿ ಪಿಸುಮಾತು ಕೇಳುವುದು ಹೇಗೆ?

ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಮೀಟರಿಗೆ ಹೋಗುವ ಮೊದಲು ನೀರನ್ನು ಅಯಾನುಗಳನ್ನು ಹಿಡಿದಿಡುವ ಸಣ್ಣ ರೆಸಿನ್ ಮಣಿಗಳ ಕೊಳವೆಯಲ್ಲಿ ಹಾಯಿಸುತ್ತಾರೆ. ಮಣಿಗಳು ಅಮೋನಿಯಾವನ್ನು ಹಿಡಿದು ನೀರು ಬಿಡುತ್ತವೆ, ಗಲಾಟೆ ಮುಗಿಯಿತು. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಹಿಡಿದು ಆ ಜಾಗಕ್ಕೆ ಹೈಡ್ರೋಜನ್ ಬಿಡುತ್ತವೆ. ಉಪ್ಪು ಹೈಡ್ರೋಕ್ಲೋರಿಕ್ ಆಮ್ಲವಾಯಿತು. ಹೈಡ್ರೋಜನ್ ಅಯಾನಿನ ಓಟ ಜೋರು. ಹಾಗಾಗಿ ಅದೇ ಪ್ರಮಾಣದ ಉಪ್ಪು ಮೊದಲಿಗಿಂತ ಮೂರು ಪಟ್ಟಿಗೂ ಜಾಸ್ತಿ ಸದ್ದು ಮಾಡುತ್ತದೆ. ಇದೇ ಕ್ಯಾಟಯಾನ್ ಕಂಡಕ್ಟಿವಿಟಿ.

ನಾನೊಮ್ಮೆ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಹತ್ತು ಲಕ್ಷ ಲೀಟರ್ ಅಪ್ಪಟ ನೀರಿಗೆ ಒಂದೇ ಒಂದು ಲೀಟರ್ ಸಮುದ್ರದ ನೀರು ಬಿದ್ದರೆ ಈ ಸಂಖ್ಯೆ 0.055ರಿಂದ 0.25ರ ಆಸುಪಾಸಿಗೆ ಏರುತ್ತದೆ. ದೊಡ್ಡ ಸ್ಥಾವರಗಳಲ್ಲಿ 0.2 ದಾಟಿದರೇ ಕಿವಿ ನಿಮಿರುತ್ತದೆ. ಬೆಂಗಳೂರಿನ 12,000 ಲೀಟರಿನ ಟ್ಯಾಂಕರ್ ಗೊತ್ತಲ್ವಾ? ಅಂಥ 83 ಟ್ಯಾಂಕರ್ ನೀರಿನಲ್ಲಿ ಒಂದು ಬಾಟಲಿ! ಇದಕ್ಕೂ ಸಿಕ್ಕದ ಕಳ್ಳ ಒಬ್ಬನಿದ್ದಾನೆ. ಟರ್ಬೈನ್ ಅಲಗುಗಳ ಮೇಲೆ ಗಾಜಿನಂತೆ ಕೂರುವ ಸಿಲಿಕಾ. ಅದನ್ನು ಹಿಡಿಯಲು ಬೇರೆಯೇ ಯಂತ್ರ ಇಡಬೇಕು.

ಮೀಟರಿಗೂ ಆರೈಕೆ ಬೇಕು. ಸಾಮಾನ್ಯ ನೀರು ಒಂದು ಡಿಗ್ರಿ ಬಿಸಿಯಾದರೆ ಅಳತೆ ನೂರಕ್ಕೆ ಸುಮಾರು ಎರಡರಷ್ಟು ಏರುತ್ತದೆ. ಬಿಸಿಯ ಲೆಕ್ಕ ಕಳೆಯದಿದ್ದರೆ ಸುಳ್ಳು ಅಲಾರಂ ಹೊಡೆಯುತ್ತದೆ. ಗಸಿ ಕೂತರೂ ಗುಳ್ಳೆ ಸಿಕ್ಕಿಕೊಂಡರೂ ಸಂಖ್ಯೆ ಇಳಿಯುತ್ತದೆ. ಇಳಿದ ಸಂಖ್ಯೆ ನೋಡಿ ಯಾರೂ ಅನುಮಾನ ಪಡುವುದಿಲ್ಲ, ಅದೇ ತೊಂದರೆ.

ಉತ್ತರ ಕರ್ನಾಟಕದ ಒಂದು ಕಾರ್ಖಾನೆಯಲ್ಲಿ ನಾನು ಹೊಸಬನಾಗಿ ಸೇರಿದ್ದಾಗಿನ ಮಾತು. ಕಬ್ಬು ಅರೆಯುವ ಹಂಗಾಮು ಜೋರಾಗಿತ್ತು. ರಾತ್ರಿ ಪಾಳಿ. ಪರದೆಯ ಮೇಲೆ ಕಂಡೆನ್ಸೇಟಿನ ಗೆರೆ ಸಂಜೆಯಿಂದ 12 ಮೈಕ್ರೋಸೀಮೆನ್ಸಿನಲ್ಲಿ ನಿಂತಿತ್ತು, ಒಂದಿಷ್ಟೂ ಅಲುಗಾಡದೆ. ನನಗೋ ಸಮಾಧಾನ. ಅಷ್ಟರಲ್ಲಿ ಹಿರಿಯ ಕೆಮಿಸ್ಟ್ ಒಬ್ಬರು ಚಹಾ ಲೋಟ ಹಿಡಿದು ಬಂದು ಪರದೆ ನೋಡಿದರು.

“ತಮ್ಮಾ, ಹರಿಯೋ ನೀರು ಹಿಂಗ ಗೆರಿ ಹೊಡದಂಗ ಇರ್ತದೇನು?”

ಕೆಳಗೆ ಇಳಿದು ನೋಡಿದೆವು. ಮೀಟರಿಗೆ ನೀರು ಕೊಡುವ ಸಣ್ಣ ವಾಲ್ವನ್ನು ಯಾರೋ ಮುಚ್ಚಿದ್ದರು. ಸಂಜೆಯ ನೀರನ್ನೇ ಅದು ಪಾಪ, ರಾತ್ರಿಯಿಡೀ ಅಳೆಯುತ್ತಾ ಕೂತಿತ್ತು. ವಾಲ್ವ್ ತೆರೆದರು. ಅರ್ಧ ನಿಮಿಷಕ್ಕೆ ಸಂಖ್ಯೆ ನಡುಗಿತು, 15, 22, 40. ಅವರು ಚಹಾ ಲೋಟ ಅಲ್ಲೇ ಪೈಪಿನ ಮೇಲಿಟ್ಟು ಕಂಡೆನ್ಸೇಟನ್ನು ಬೇರೆ ಟ್ಯಾಂಕಿಗೆ ತಿರುಗಿಸಿದರು. ನಾನು ಆಲ್ಫಾ ನಾಫ್ತಾಲ್ ಬಾಟಲಿ ತರಲು ಮೆಟ್ಟಿಲು ಹತ್ತಿ ಓಡಿದೆ.