ಬ್ರೌಸರ್‌ನ ಹೆಸರು ಕೇಳಿ ಬಾಗಿಲು ಹಾಕುವ ಜಾಲತಾಣಗಳು

ಕಲಬುರಗಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಅರ್ಜಿ ತುಂಬಿಸಲು ಕೂತ ವಿದ್ಯಾರ್ಥಿಗಳಿಗೆ ‘ಈ ತಾಣ ನಿಮ್ಮ ಬ್ರೌಸರ್‌ನಲ್ಲಿ ತೆರೆಯುವುದಿಲ್ಲ, ಕ್ರೋಮ್ ಬಳಸಿ’ ಎಂಬ ಸಂದೇಶ ಹೊಸದಲ್ಲ. ತಮ್ಮ ಬ್ರೌಸರ್‌ನಲ್ಲೇ ಏನೋ ಕೊರತೆಯಿದೆ ಎಂದು ಅವರು ಸಹಜವಾಗಿ ನಂಬುತ್ತಾರೆ. ಈ ನಂಬಿಕೆ ಬಹಳ ಸಲ ತಪ್ಪು. ತಾಣವು ಬ್ರೌಸರ್‌ಗೆ ಏನು ಸಾಧ್ಯ ಎಂದು ಪರೀಕ್ಷಿಸಿರುವುದಿಲ್ಲ, ಅದರ ಹೆಸರನ್ನಷ್ಟೇ ಓದಿರುತ್ತದೆ.

ಪ್ರತಿಯೊಂದು ಕೋರಿಕೆಯ ಜೊತೆಗೆ ಬ್ರೌಸರ್ ‘ಯೂಸರ್ ಏಜೆಂಟ್’ ಎಂಬ ಒಂದು ಸಾಲಿನ ಪರಿಚಯವನ್ನು ಕಳಿಸುತ್ತದೆ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ತನ್ನನ್ನು ‘ಮೊಜಿಲ್ಲಾ’ ಎಂದು ಹೇಳಿಕೊಳ್ಳುತ್ತಿತ್ತು. ಫ್ರೇಮ್‌ಗಳುಳ್ಳ (ಒಂದೇ ಪರದೆಯನ್ನು ಹಲವು ಭಾಗಗಳಾಗಿ ವಿಂಗಡಿಸಿದ) ಪುಟಗಳನ್ನು ಹಲವು ಸರ್ವರ್‌ಗಳು ಆ ಹೆಸರಿಗೆ ಮಾತ್ರ ಕೊಡುತ್ತಿದ್ದುದರಿಂದ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದೇ ಹೆಸರನ್ನು ತೊಟ್ಟುಕೊಂಡಿತು. ಮುಂದೆ ಆಪಲ್‌ನ ಬ್ರೌಸರ್ ಸಫಾರಿ ‘ಗೆಕ್ಕೋದಂತೆ’ (ಗೆಕ್ಕೋ ಎಂದರೆ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಪುಟ ಮೂಡಿಸುವ ತಂತ್ರಾಂಶ) ಎಂಬ ಮಾತನ್ನು ಸೇರಿಸಿತು, 2008ರಲ್ಲಿ ಬಂದ ಕ್ರೋಮ್ ಸಫಾರಿಯ ಹೆಸರನ್ನೂ ಹೊತ್ತುಕೊಂಡಿತು. ಹೀಗಾಗಿ ಇಂದಿನ ಕ್ರೋಮ್‌ನ ಪರಿಚಯದ ಸಾಲಿನಲ್ಲಿ ಮೊಜಿಲ್ಲಾ, ಗೆಕ್ಕೋ, ಸಫಾರಿ ಎಲ್ಲವೂ ಇವೆ. ವಿವಾಲ್ಡಿ ಎಂಬ ಬ್ರೌಸರ್ ಅಂತೂ ತಾಣಗಳು ತಡೆಯುತ್ತಿದ್ದ ಕಾರಣಕ್ಕೆ 2019ರಲ್ಲಿ ಬಹುತೇಕ ಕಡೆ ಸ್ವಂತ ಹೆಸರನ್ನೇ ಬಿಟ್ಟು ಕ್ರೋಮ್‌ನಂತೆ ಪರಿಚಯಿಸಿಕೊಳ್ಳತೊಡಗಿತು. ಕಾಲು ಶತಮಾನದ ಈ ವೇಷಗಳ ನಂತರವೂ ಆ ಸಾಲನ್ನು ಅರ್ಹತಾಪತ್ರವೆಂದು ನಂಬುವುದು ತಾಂತ್ರಿಕವಾಗಿ ಸಮರ್ಥನೀಯವಲ್ಲ. ತನಗೆ ಬೇಕಾದ ಸೌಲಭ್ಯ ಬ್ರೌಸರ್‌ನಲ್ಲಿ ಇದೆಯೇ ಎಂದು ಪುಟವೇ ಕೆಲವು ಸಾಲು ಜಾವಾಸ್ಕ್ರಿಪ್ಟ್‌ನಿಂದ ನೇರವಾಗಿ ಪರೀಕ್ಷಿಸಬಹುದು.

ಇಷ್ಟರವರೆಗೆ ಸುಳ್ಳು ಹೆಸರಾದರೂ ಬಳಕೆದಾರರನ್ನು ಕಾಪಾಡುತ್ತಿತ್ತು. 2023ರಲ್ಲಿ ಗೂಗಲ್‌ನ ಎಂಜಿನಿಯರುಗಳು ಮುಂದಿಟ್ಟ ‘ವೆಬ್ ಎನ್ವಿರಾನ್ಮೆಂಟ್ ಇಂಟೆಗ್ರಿಟಿ’ ಪ್ರಸ್ತಾವ ಈ ದಾರಿಯನ್ನೂ ಮುಚ್ಚಬಹುದಿತ್ತು. ಅದರ ಪ್ರಕಾರ, ನಿಮ್ಮ ಸಾಧನ ಮತ್ತು ತಂತ್ರಾಂಶ ತಿದ್ದುಪಡಿಯಿಲ್ಲದೆ ಇವೆ ಎಂದು ಮೂರನೆಯ ಸಂಸ್ಥೆಯೊಂದು ಗೂಢಲಿಪಿಯ ಸಹಿ ಹಾಕಿದ ಟೋಕನ್ (ಡಿಜಿಟಲ್ ಚೀಟಿ) ಕೊಡುತ್ತದೆ, ತಾಣ ಆ ಸಹಿಯನ್ನು ನೋಡಿ ಪ್ರವೇಶವನ್ನು ನಿರ್ಧರಿಸಬಹುದು. ಊರಿಗೆ ಬಂದವರನ್ನು ‘ಯಾವೂರು?’ ಎಂದು ಕೇಳುವುದಕ್ಕೂ, ಅವರ ಊರ ಗೌಡರ ಮುದ್ರೆಯಿರುವ ಚೀಟಿ ಕೇಳುವುದಕ್ಕೂ ಇರುವ ಅಂತರ ಇದು: ಬಾಯಿಮಾತನ್ನು ಬದಲಿಸಬಹುದು, ಮುದ್ರೆಯನ್ನು ಸೃಷ್ಟಿಸಲಾಗದು. ಯಾದಗಿರಿಯ ಶಾಲೆಯೊಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡಿದ್ದರೆ, ಅಥವಾ ಬೀದರಿನ ಯುವಕನೊಬ್ಬ ಹೊಸ ಬ್ರೌಸರ್ ಬರೆದರೆ, ಅವರಿಗೆ ಸಹಿ ಹಾಕುವವರು ಯಾರು?

ತೀವ್ರ ವಿರೋಧದ ನಂತರ ಗೂಗಲ್ ಅದೇ ವರ್ಷದ ನವೆಂಬರ್‌ನಲ್ಲಿ ಈ ಪ್ರಸ್ತಾವವನ್ನು ಕೈಬಿಟ್ಟಿತು. ಆದರೆ ಆಪಲ್ 2022ರಲ್ಲೇ ಐಫೋನ್‌ನ ತಂತ್ರಾಂಶ ಐಒಎಸ್ 16ರೊಂದಿಗೆ ‘ಪ್ರೈವೇಟ್ ಆಕ್ಸೆಸ್ ಟೋಕನ್’ ತಂದಿತ್ತು. ‘ನೀವು ಮನುಷ್ಯರೇ?’ ಎಂದು ಪರೀಕ್ಷಿಸುವ ಕ್ಯಾಪ್ಚಾವನ್ನು ತಪ್ಪಿಸುವ ಅನುಕೂಲವಾಗಿ ಬಂದ ಅದರ ತಳದಲ್ಲಿಯೂ ಸಾಧನಕ್ಕೆ ಅದರ ತಯಾರಕನೇ ಸಾಕ್ಷಿ ನುಡಿಯುವ ಇದೇ ತತ್ತ್ವವಿದೆ.