ಮನೆಯಲ್ಲಿ ಕೈ ಎತ್ತಿದ ಆಟಗಾರನಿಗೆ ಲೀಗ್ ಏನು ಮಾಡಬೇಕು?

2014ರಲ್ಲಿ ಎನ್‌ಎಫ್‌ಎಲ್ ಒಂದೆರಡು ತಿಂಗಳ ಅಂತರದಲ್ಲಿ ಇಬ್ಬರು ಆಟಗಾರರಿಗೆ ಶಿಕ್ಷೆ ಕೊಟ್ಟಿತು. ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಅದು. ಜೋಶ್ ಗೋರ್ಡನ್ ಮತ್ತೆ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರು. ಅವರಿಗೆ ಒಂದು ವರ್ಷ ಅಮಾನತು. ರೇ ರೈಸ್ ತಾವು ಮದುವೆಯಾಗಲಿದ್ದ ಹುಡುಗಿಗೆ ಹೊಡೆದಿದ್ದರು. ಅವರಿಗೆ ಎರಡು ಪಂದ್ಯ. ಗಾಂಜಾಕ್ಕೆ ಎಷ್ಟು ಶಿಕ್ಷೆ ಅಂತ ಲೀಗ್ ಮತ್ತು ಆಟಗಾರರ ಸಂಘ ಕೂತು ಬರೆದಿಟ್ಟಿದ್ದವು. ಹೆಂಗಸಿಗೆ ಹೊಡೆದರೆ ಎಷ್ಟು ಅಂತ ಯಾರೂ ಬರೆದಿರಲಿಲ್ಲ. ಅದು ಲೀಗ್‌ನ ಮುಖ್ಯಸ್ಥ, ಅಂದರೆ ಕಮಿಷನರ್ ಒಬ್ಬರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು.

ಅದಕ್ಕೂ ಹಿಂದಿನ ದಶಕಗಳಲ್ಲಿ ಹೆಚ್ಚಾಗಿ ಆಗುತ್ತಿದ್ದದ್ದು ಇಷ್ಟೇ: ಪೊಲೀಸರು ಬರುತ್ತಿದ್ದರು, ಹೆಂಡತಿ ದೂರು ವಾಪಸ್ ತಗೊಳ್ಳುತ್ತಿದ್ದಳು, ಭಾನುವಾರ ಪಂದ್ಯ ನಡೆಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಮಾತು ನಮ್ಮಲ್ಲಿ ಮಾತ್ರ ಇಲ್ಲ. ಆ ಧೋರಣೆ ಎಲ್ಲ ಕಡೆ ಇದೆ. 2012ರ ಡಿಸೆಂಬರ್ 1ರಂದು ಕಾನ್ಸಾಸ್ ಸಿಟಿಯ ಆಟಗಾರನೊಬ್ಬ ತನ್ನ ಗೆಳತಿಯನ್ನು ಗುಂಡಿಟ್ಟು ಕೊಂದ. ಅವರಿಗೆ ಮೂರು ತಿಂಗಳ ಮಗು ಇತ್ತು. ಆಮೇಲೆ ತಂಡದ ತರಬೇತಿ ಕೇಂದ್ರಕ್ಕೆ ಹೋಗಿ ತಾನೂ ಗುಂಡು ಹಾರಿಸಿಕೊಂಡ. ಮಾರನೇ ದಿನ ಅದೇ ಊರಲ್ಲಿ ಆ ತಂಡದ ಪಂದ್ಯ ನಡೆಯಿತು.

ಎಲ್ಲ ಬದಲಾದದ್ದು ರೈಸ್ ಪ್ರಕರಣದಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿನ ಗೊಂದಲದ ಬೇರುಗಳೆಲ್ಲ ಅಲ್ಲೇ ಸಿಗುತ್ತವೆ.

2014ರ ಫೆಬ್ರವರಿ 15ರ ನಸುಕು. ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೋ ಹೋಟೆಲ್. ಕೆಲವೇ ದಿನಗಳಲ್ಲಿ ಒಂದು ವಿಡಿಯೋ ಹೊರಬಿತ್ತು. ಲಿಫ್ಟ್ ಬಾಗಿಲು ತೆರೆಯುತ್ತದೆ, ಪ್ರಜ್ಞೆ ತಪ್ಪಿದ ಹುಡುಗಿಯನ್ನು ರೈಸ್ ಹೊರಗೆ ಎಳೆಯುತ್ತಾರೆ. ಒಳಗೆ ಏನಾಯಿತು ಅನ್ನುವುದು ಅದರಲ್ಲಿ ಇರಲಿಲ್ಲ. ಆದರೆ ಪ್ರಜ್ಞೆ ಸುಮ್ನೆ ತಪ್ಪುವುದಿಲ್ಲ, ಅಲ್ವಾ? ಮಾರ್ಚ್ 27ರಂದು ಅವರ ಮೇಲೆ ಹಲ್ಲೆಯ ಆರೋಪ ದಾಖಲಾಯಿತು. ಮಾರನೇ ದಿನ ಇಬ್ಬರ ಮದುವೆಯಾಯಿತು. ಮೇ ತಿಂಗಳಲ್ಲಿ ಕೋರ್ಟು ಅವರನ್ನು ವಿಚಾರಣೆ ಇಲ್ಲದ ಸುಧಾರಣಾ ಕಾರ್ಯಕ್ರಮಕ್ಕೆ ಸೇರಿಸಿತು. ಅದನ್ನು ಮುಗಿಸಿದರೆ ಕೇಸು ವಜಾ.

ಮೇ 23ರಂದು ತಂಡದ ಕಚೇರಿಯಲ್ಲೇ ಪತ್ರಿಕಾಗೋಷ್ಠಿ. ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರು. ರೈಸ್ ತಂಡದ ಮಾಲೀಕರ, ಮ್ಯಾನೇಜರ್‌ರ, ಕೋಚ್‌ರ, ಅಭಿಮಾನಿಗಳ ಕ್ಷಮೆ ಕೇಳಿದರು. ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕ್ಷಮೆಯನ್ನು ಅಲ್ಲಿ ಕೇಳಲಿಲ್ಲ. ಆ ರಾತ್ರಿ ತನ್ನದೂ ಪಾಲಿತ್ತು, ಅದಕ್ಕೆ ವಿಷಾದವಿದೆ ಅಂತ ಅವಳೇ ಹೇಳಿದಳು. ತಂಡ ಆ ಮಾತನ್ನು ತನ್ನ ಟ್ವಿಟರ್ ಖಾತೆಯಲ್ಲಿ ಹಾಕಿತು. ಪೆಟ್ಟು ತಿಂದವಳು ಕ್ಯಾಮೆರಾ ಮುಂದೆ ವಿವರಣೆ ಕೊಡಬೇಕಾದ ಆ ದೃಶ್ಯವನ್ನು ಇವತ್ತು ನೋಡಿದರೂ ಸಂಕಟವಾಗುತ್ತದೆ.

ಜೂನ್‌ನಲ್ಲಿ ಲೀಗ್ ವಿಚಾರಣೆ ನಡೆಸಿತು. ಕಮಿಷನರ್ ರೋಜರ್ ಗುಡೆಲ್ ಮುಂದೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಹೊಡೆದವನ ಎದುರೇ ಹೊಡೆಸಿಕೊಂಡವಳನ್ನು ಮಾತಾಡಿಸಬಾರದು ಅನ್ನುವುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರಿಗೇ ಆದರೂ ಮೊದಲ ಪಾಠ. ಆ ಪಾಠ ಗೊತ್ತಿರುವವರು ಆ ಕೋಣೆಯಲ್ಲಿ ಇದ್ದಂತೆ ಕಾಣುವುದಿಲ್ಲ. ಜುಲೈ 24ಕ್ಕೆ ಎರಡು ಪಂದ್ಯಗಳ ಶಿಕ್ಷೆ ಪ್ರಕಟವಾಯಿತು. ಜನ ಸಿಟ್ಟಾದರು. ಆಗಸ್ಟ್ 28ರಂದು ಗುಡೆಲ್ ತಂಡಗಳ ಮಾಲೀಕರಿಗೆ ಪತ್ರ ಬರೆದು ತಾನು ಸರಿಯಾಗಿ ನಿರ್ಧರಿಸಲಿಲ್ಲ ಅಂತ ಒಪ್ಪಿಕೊಂಡರು. ಹೊಸ ನಿಯಮವೂ ಬಂತು: ಮೊದಲ ಸಲಕ್ಕೆ ಆರು ಪಂದ್ಯ, ಎರಡನೇ ಸಲಕ್ಕೆ ಲೀಗ್‌ನಿಂದಲೇ ಹೊರಗೆ.

ಸೆಪ್ಟೆಂಬರ್ 8ಕ್ಕೆ ಲಿಫ್ಟ್ ಒಳಗಿನ ವಿಡಿಯೋ ಬಂತು. ರೈಸ್ ಹೊಡೆಯುತ್ತಾರೆ, ಅವಳು ಕುಸಿದು ಬೀಳುತ್ತಾಳೆ. ಅದೇ ದಿನ ತಂಡ ರೈಸ್‌ರನ್ನು ಕೈಬಿಟ್ಟಿತು, ಲೀಗ್ ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ತಾನು ಏನು ಮಾಡಿದೆ ಅಂತ ರೈಸ್ ಮೊದಲೇ ಹೇಳಿರಲಿಲ್ಲ ಅನ್ನುವುದು ಲೀಗ್‌ನ ವಾದ. ನವೆಂಬರ್‌ನಲ್ಲಿ, ರೈಸ್‌ರ ಮೇಲ್ಮನವಿ ಆಲಿಸಿದ ನಿವೃತ್ತ ಫೆಡರಲ್ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಆ ವಾದವನ್ನು ಒಪ್ಪಲಿಲ್ಲ. ರೈಸ್ ಲೀಗ್‌ಗೆ ಸುಳ್ಳು ಹೇಳಿರಲಿಲ್ಲ, ಅದೇ ತಪ್ಪಿಗೆ ಎರಡನೇ ಶಿಕ್ಷೆ ನಿಲ್ಲುವುದಿಲ್ಲ ಅಂತ ಅಮಾನತು ರದ್ದು ಮಾಡಿದರು. ಎಫ್‌ಬಿಐನ ಮಾಜಿ ಮುಖ್ಯಸ್ಥ ರಾಬರ್ಟ್ ಮುಲ್ಲರ್ 2015ರ ಜನವರಿಯಲ್ಲಿ ವರದಿ ಕೊಟ್ಟರು. ಒಳಗಿನ ವಿಡಿಯೋ ಲೀಗ್ ಕೈಗೆ ಮೊದಲೇ ಸಿಕ್ಕಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ, ಆದರೆ ಲೀಗ್ ಇನ್ನೂ ಜಾಸ್ತಿ ತನಿಖೆ ಮಾಡಬೇಕಿತ್ತು ಅನ್ನುವುದು ಅದರ ಸಾರ. ರೈಸ್ ಮತ್ತೆ ಎನ್‌ಎಫ್‌ಎಲ್‌ನಲ್ಲಿ ಆಡಲೇ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಫೆಬ್ರವರಿಯಿಂದ ಸೆಪ್ಟೆಂಬರ್ ತನಕ ಆ ಹೊಡೆತ ಬದಲಾಗಿರಲಿಲ್ಲ. ಹೊಡೆದದ್ದು ಲೀಗ್‌ಗೆ ಗೊತ್ತೇ ಇತ್ತು. ಶಿಕ್ಷೆ ಎರಡು ಪಂದ್ಯದಿಂದ ಇಡೀ ವೃತ್ತಿಜೀವನಕ್ಕೆ ಏರಿದ್ದು ನಾವೆಲ್ಲ ಅದನ್ನು ಕಣ್ಣಾರೆ ನೋಡಿದ್ದರಿಂದ. ಮನೆಯೊಳಗೆ ಕ್ಯಾಮೆರಾ ಇರುವುದಿಲ್ಲ. ಮಲಗುವ ಕೋಣೆಯಲ್ಲಿ ಪೆಟ್ಟು ತಿಂದವಳಿಗೆ ಈ ವ್ಯವಸ್ಥೆಯಿಂದ ಏನು ಸಿಗುತ್ತದೆ?

ಎರಡು ವರ್ಷದಲ್ಲೇ ಉತ್ತರ ಸಿಕ್ಕಿತು. 2016ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಕಿಕ್ಕರ್ ಜೋಶ್ ಬ್ರೌನ್‌ಗೆ ಸಿಕ್ಕಿದ್ದು ಒಂದೇ ಪಂದ್ಯದ ಅಮಾನತು. ಆರು ಪಂದ್ಯಗಳ ನಿಯಮ ಆಗ ಜಾರಿಯಲ್ಲೇ ಇತ್ತು. ಅವರ ಹೆಂಡತಿ ತನಿಖೆಗೆ ಸಹಕರಿಸಲಿಲ್ಲ ಅಂತ ಲೀಗ್ ಹೇಳಿತು. ಅಕ್ಟೋಬರ್‌ನಲ್ಲಿ ಪೊಲೀಸ್ ದಾಖಲೆಗಳು ಹೊರಬಂದಾಗ, ಹೆಂಡತಿಯನ್ನು ಹಿಂಸಿಸಿದ್ದನ್ನು ಬ್ರೌನ್ ತಮ್ಮ ಕೈಯಾರೆ ಬರೆದಿಟ್ಟಿದ್ದು ಕಂಡಿತು. ಆಮೇಲೆ ತಂಡ ಅವರನ್ನು ಕೈಬಿಟ್ಟಿತು. ಮತ್ತದೇ ಕಥೆ: ಕಾಗದ ಹೊರಬಿದ್ದ ಮೇಲೆ ಕ್ರಮ.

ಹಾಗಂತ ಮಾತಾಡದ ಹೆಂಗಸಿನ ಮೇಲೆ ಹೊರೆ ಹೊರಿಸುವುದು ಸರಿಯಲ್ಲ. ಅವಳ ಮುಂದಿರುವ ಲೆಕ್ಕ ನೋಡಿ. ಎನ್‌ಎಫ್‌ಎಲ್‌ನಲ್ಲಿ ಅಮಾನತಾದ ಪ್ರತಿ ಪಂದ್ಯದ ಸಂಬಳ ಹೋಗುತ್ತದೆ. ತಂಡ ಕೈಬಿಟ್ಟರೆ ಮನೆಗೆ ಬರುವ ಆದಾಯವೇ ನಿಲ್ಲುತ್ತದೆ. ಒಂದು ಫೋನ್ ಮಾಡಿದರೆ ಮಕ್ಕಳ ಶಾಲೆ, ಮನೆಯ ಕಂತು ಎಲ್ಲ ಅಲುಗಾಡುತ್ತದೆ, ಜೊತೆಗೆ ಅಭಿಮಾನಿಗಳ ಬೈಗುಳ. ಮುಲಾಜಿಲ್ಲದೆ ಕಿತ್ತು ಹಾಕಿ ಅನ್ನುವುದು ಕೇಳೋಕೆ ಚೆನ್ನಾಗಿದೆ. ಆದರೆ ಅದೇ ಭಯಕ್ಕೆ ಅವಳು ಬಾಯಿ ಮುಚ್ಚಿಕೊಂಡರೆ ಆ ಕಠಿಣ ನಿಯಮ ಅವಳ ಮನೆಯನ್ನು ಮುಟ್ಟುವುದೇ ಇಲ್ಲ.

ಬೇಸ್‌ಬಾಲ್ ಲೀಗ್ ಈ ಪಾಠವನ್ನು ಸ್ವಲ್ಪ ಕಲಿತಂತೆ ಕಾಣುತ್ತದೆ. 2015ರ ಆಗಸ್ಟ್‌ನಲ್ಲಿ ಆಟಗಾರರ ಸಂಘದ ಜೊತೆ ಒಪ್ಪಿ ಒಂದು ನೀತಿ ತಂದಿತು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅನ್ನುವ ಶಿಕ್ಷೆ ಅದರಲ್ಲಿ ಇಲ್ಲ. ಕೋರ್ಟಿನಲ್ಲಿ ಅಪರಾಧ ಸಾಬೀತಾಗಬೇಕು ಅಂತಲೂ ಇಲ್ಲ. ತನಿಖೆ ನಡೆಯುವಾಗ ಸಂಬಳ ಕೊಟ್ಟೇ ಆಟಗಾರನನ್ನು ಹೊರಗೆ ಕೂರಿಸಬಹುದು. ಸಲಹೆಗೆ ಈ ವಿಷಯ ಬಲ್ಲ ತಜ್ಞರ ಮಂಡಳಿ ಇದೆ. ಪೊಲೀಸರು ಮೊಕದ್ದಮೆ ಹೂಡದ ಪ್ರಕರಣದಲ್ಲೂ 2016ರಲ್ಲಿ ಅರೋಲ್ಡಿಸ್ ಚಾಪ್‌ಮನ್‌ಗೆ 30 ಪಂದ್ಯಗಳ ಅಮಾನತಾಯಿತು. ಆದರೆ ತನಿಖೆಯ ಸುದ್ದಿ ಬಂದದ್ದೇ ಅವರ ಬೆಲೆ ಇಳಿಯಿತು, ನ್ಯೂಯಾರ್ಕ್ ಯಾಂಕೀಸ್ ಆ ಇಳಿದ ಬೆಲೆಗೆ ಅವರನ್ನು ಪಡೆಯಿತು. ವರ್ಷದ ಕೊನೆಗೆ ಅದೇ ತಂಡ ಐದು ವರ್ಷಕ್ಕೆ 8.6 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಲೀಗ್‌ನ ನಿಯಮ ತಂಡಗಳ ಹಸಿವನ್ನು ಕಟ್ಟಿಹಾಕಲಾರದು.

ಆಸ್ಟ್ರೇಲಿಯಾದ ರಗ್ಬಿ ಲೀಗ್ 2019ರಲ್ಲಿ ಇನ್ನೊಂದು ದಾರಿ ಹಿಡಿಯಿತು. 11 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲಾಗಬಹುದಾದ ಆರೋಪ ದಾಖಲಾದರೆ ಆಟಗಾರ ತಾನಾಗಿಯೇ ಹೊರಗೆ, ಆದರೆ ಸಂಬಳ ಮುಂದುವರಿಯುತ್ತದೆ. ಹೆಂಗಸರು, ಮಕ್ಕಳ ಮೇಲಿನ ಹಿಂಸೆಯಲ್ಲಿ ಅದಕ್ಕಿಂತ ಕಡಿಮೆ ಆರೋಪವಿದ್ದರೂ ಹೊರಗೆ ಕೂರಿಸಬಹುದು. ಇದು ಶಿಕ್ಷೆಯಲ್ಲ ಅಂತ ಲೀಗ್ ಹೇಳುತ್ತದೆ, ಕೋರ್ಟು ಕೂಡ ನಿಯಮವನ್ನು ಎತ್ತಿಹಿಡಿಯಿತು. ಆದರೂ ಇದಕ್ಕೆ ಬೆಲೆ ಇದೆ. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಒಬ್ಬ ಆಟಗಾರ ಎರಡು ಋತುಗಳಿಗಿಂತ ಜಾಸ್ತಿ ಹೊರಗಿದ್ದ, ಕೊನೆಗೆ ಅಪರಾಧ ಸಾಬೀತಾಗಲಿಲ್ಲ. ಸಂಬಳ ನಿಲ್ಲಿಸದೆ ಹೊರಗಿಡುವ ಈ ದಾರಿಯೇ ಉಳಿದವುಗಳಿಗಿಂತ ವಾಸಿ ಅಂತ ನನಗನ್ನಿಸುತ್ತದೆ. ಹೆಂಗಸು ಬಾಯಿ ಬಿಟ್ಟ ದಿನವೇ ಮನೆ ಬರಿದಾಗುವುದಿಲ್ಲ, ಲೀಗ್ ಕೂಡ ವಿಡಿಯೋಗಾಗಿ ಕಾಯಬೇಕಿಲ್ಲ.

ನಮ್ಮ ಕ್ರಿಕೆಟ್‌ನಲ್ಲೂ ಈ ಪ್ರಶ್ನೆ ಎದ್ದಿತ್ತು. 2018ರ ಮಾರ್ಚ್‌ನಲ್ಲಿ ಭಾರತ ತಂಡದ ವೇಗದ ಬೌಲರ್ ಒಬ್ಬರ ಮೇಲೆ ಹೆಂಡತಿ ದೂರು ಕೊಟ್ಟರು. ಹಿಂಸೆಯ ಆರೋಪಗಳ ಜೊತೆ ಹಣದ ವಿಷಯವೂ ಇತ್ತು. ಬೌಲರ್ ಎಲ್ಲವನ್ನೂ ಅಲ್ಲಗಳೆದರು. ಬಿಸಿಸಿಐ ಅವರ ವಾರ್ಷಿಕ ಒಪ್ಪಂದವನ್ನು ತಡೆಹಿಡಿಯಿತು. ಆದರೆ ಭ್ರಷ್ಟಾಚಾರ ನಿಗ್ರಹ ಘಟಕಕ್ಕೆ ಒಪ್ಪಿಸಿದ್ದು ಹಣದ ಆರೋಪದ ತನಿಖೆ. ಅದರಲ್ಲಿ ಏನೂ ಸಿಗಲಿಲ್ಲ ಅಂದ ಮೇಲೆ ಅದೇ ತಿಂಗಳು ಒಪ್ಪಂದ ಕೈಗೆ ಬಂತು. ಮನೆಯ ವಿಷಯ ಪೊಲೀಸರಿಗೆ, ಕೋರ್ಟಿಗೆ ಬಿಟ್ಟದ್ದಾಯಿತು.

ಹತ್ತು ತಿಂಗಳ ನಂತರ, 2019ರ ಜನವರಿಯಲ್ಲಿ, ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಟಿವಿ ಕಾರ್ಯಕ್ರಮದಲ್ಲಿ ಹೆಂಗಸರ ಬಗ್ಗೆ ಬಂದ ಮಾತುಗಳಿಗಾಗಿ ಆಸ್ಟ್ರೇಲಿಯಾ ಪ್ರವಾಸದ ಮಧ್ಯದಿಂದ ವಾಪಸಾಗಬೇಕಾಯಿತು. ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ಆ ಮಾತುಗಳನ್ನು ದೇಶವೇ ಟಿವಿಯಲ್ಲಿ ನೋಡಿತ್ತು.