ಎಪಿಸೋಡಿಕ್ ಫ್ರೇಮಿಂಗ್ ಅಂದ್ರೇನು? ಗನ್ ಡಾಕ್ಯುಮೆಂಟರಿ ನೋಡಿ ಅತ್ತವರಿಗೆ

ಅಮೆರಿಕದ ಸ್ಕೂಲ್ ಶೂಟಿಂಗ್‌ಗಳ ಮೇಲೆ ಬಂದಿರೋ ಡಾಕ್ಯುಮೆಂಟರಿಗಳನ್ನ ನಾಲ್ಕೈದು ನೋಡಿದ್ರೆ ಒಂದು ರೂಮ್ ಸಿಕ್ಕೇ ಸಿಗತ್ತೆ. ಮಗು ಹೋದ್ಮೇಲೆ ಅಪ್ಪ ಅಮ್ಮ ಏನನ್ನೂ ಕದಲಿಸದೆ ಬಿಟ್ಟಿರೋ ರೂಮು, ಮಂಚದ ಪಕ್ಕ ಶೂ ಹಂಗೇ ಇರತ್ತೆ, ಯಾರೂ ಮಾತಾಡಲ್ಲ, ನಮಗೆ ಗಂಟಲು ಕಟ್ಟತ್ತೆ. ಹಿಂಗೆ ದೊಡ್ಡ ಸಮಸ್ಯೆನ ಒಂದು ಮನೆ, ಒಂದು ದಿನ, ಒಬ್ಬ ಮನುಷ್ಯನ ಕತೆ ಮಾಡಿ ತೋರ್ಸೋದಕ್ಕೇ ಎಪಿಸೋಡಿಕ್ ಫ್ರೇಮಿಂಗ್ ಅನ್ನೋದು. ಅದೇ ಸಮಸ್ಯೆನ ಕಾನೂನು, ಅಂಕಿಅಂಶ, ಹತ್ತಾರು ವರ್ಷದ ಹಿನ್ನೆಲೆ ಇಟ್ಕೊಂಡು ತೋರ್ಸಿದ್ರೆ ಥೀಮ್ಯಾಟಿಕ್ ಫ್ರೇಮಿಂಗ್.

ಈ ಎರಡರ ವ್ಯತ್ಯಾಸನ ಪ್ರಯೋಗ ಮಾಡಿ ತೋರ್ಸಿದ್ದು ರಾಜಕೀಯ ವಿಜ್ಞಾನಿ ಶಾಂತೊ ಅಯ್ಯಂಗಾರ್, 1991ರಲ್ಲಿ ಅದರ ಮೇಲೇ ಪುಸ್ತಕ ಬಂತು. ಟಿವಿ ನ್ಯೂಸಲ್ಲಿ ಒಬ್ಬ ಬಡವನ ಕತೆ ನೋಡಿದವರು ಬಡತನಕ್ಕೆ ಆ ಬಡವನನ್ನೇ ಹೊಣೆ ಮಾಡೋದು ಜಾಸ್ತಿ, ಒಟ್ಟಾರೆ ಬಡತನದ ಬಗ್ಗೆ ವರದಿ ನೋಡಿದವರು ಸರ್ಕಾರ, ಸಮಾಜದ ಕಡೆ ಬೆರಳು ತೋರ್ಸ್ತಾರೆ ಅನ್ನೋದು ಅವರು ಕಂಡ್ಕೊಂಡಿದ್ದು. ಕತೆ ಹೇಳಿದ್ರೆ ಕಾಳಜಿ ಹುಟ್ಟತ್ತೆ ಅಂದ್ಕೊಂಡಿದ್ದ ನನಗಂತೂ ಇದು ಉಲ್ಟಾ ಹೊಡೀತು.

ಗನ್ ವಿಷಯಕ್ಕೆ ಬಂದ್ರೆ, 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ, ನಾವು ಡಾಕ್ಯುಮೆಂಟರೀಲಿ ನೋಡೋ ಮಾಸ್ ಶೂಟಿಂಗ್ ಪಾಲು ತುಂಬಾನೇ ಸಣ್ಣದು. ಆದ್ರೆ ರಾತ್ರಿ ಒಬ್ಬನೇ ಕೂತು ಡ್ರಾಯರ್ ತೆಗೆದವನ ಕತೆಗೆ ಯಾರು ಕ್ಯಾಮೆರಾ ತಗೊಂಡು ಹೋಗ್ತಾರೆ? ಹಂಗಾಗಿ ಸಿನಿಮಾ ಮುಗಿದ್ಮೇಲೆ ಮಾತು "ಆ ಹುಡುಗನಿಗೆ ತಲೆ ಕೆಟ್ಟಿತ್ತು" ಅನ್ನೋದ್ರ ಸುತ್ತಾನೇ ತಿರುಗತ್ತೆ, ಅವನ ಕೈಗೆ ಗನ್ ಹೆಂಗೆ ಬಂತು ಅನ್ನೋದು ಹಿಂದೆ ಬೀಳತ್ತೆ.

ಕಣ್ಣೀರು ಬಾಳಿಕೆನೂ ಬರಲ್ಲ. ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನ ಸ್ಕೂಲಲ್ಲಿ ಶೂಟಿಂಗ್ ಆದ್ಮೇಲೆ, 2018ರ ಮಾರ್ಚಲ್ಲಿ, ಗ್ಯಾಲಪ್ ಸಮೀಕ್ಷೇಲಿ 67% ಜನ ಗನ್ ಕಾನೂನು ಬಿಗಿ ಆಗ್ಬೇಕು ಅಂದ್ರು, ಅಕ್ಟೋಬರ್ ಹೊತ್ತಿಗೆ ಅದು 61%. ನಿಜವಾದ ಘಟನೆ ಎಬ್ಬಿಸಿದ ಬಿಸಿನೇ ಇಷ್ಟು ಬೇಗ ಆರತ್ತೆ ಅಂದ್ರೆ, ಒಂದೆರಡು ವರ್ಷ ಬಿಟ್ಟು ಬರೋ ಸಿನಿಮಾ ಎಷ್ಟು ಮಾಡೀತು, ಅದನ್ನ ನೋಡೋರೂ ಹೆಚ್ಚಾಗಿ ಮೊದ್ಲೇ ಒಪ್ಪಿಕೊಂಡಿರೋರೇ. ಹಂಗಂತ ಏನೂ ಆಗಲ್ಲ ಅಂತಲ್ಲ, ನಿರ್ದೇಶಕ ಮೈಕೆಲ್ ಮೂರ್ ತಮ್ಮ ಡಾಕ್ಯುಮೆಂಟರಿ 'ಬೌಲಿಂಗ್ ಫಾರ್ ಕೊಲಂಬೈನ್'ಗೋಸ್ಕರ, ಕೊಲಂಬೈನ್ ಸ್ಕೂಲ್ ಶೂಟಿಂಗಲ್ಲಿ ಗಾಯಗೊಂಡಿದ್ದ ಹುಡುಗರನ್ನ ಕೆಮಾರ್ಟ್ ಅನ್ನೋ ಅಂಗಡಿ ಸರಣಿಯ ಮುಖ್ಯ ಕಚೇರಿಗೇ ಕರ್ಕೊಂಡು ಹೋದಾಗ ಕಂಪನಿ ಹ್ಯಾಂಡ್‌ಗನ್ ಗುಂಡು ಮಾರೋದು ನಿಲ್ಲಿಸ್ತೀವಿ ಅಂತು. ಆದ್ರೆ ಅಲ್ಲಿ ಬದಲಾಗಿದ್ದು ಅಂಗಡಿ, ಪ್ರೇಕ್ಷಕ ಅಲ್ಲ.

ಇನ್ನು ಒಪ್ಪದವರು ನೋಡಿದ್ರೆ ಏನಾಗತ್ತೆ? 2016ರ ಡಾಕ್ಯುಮೆಂಟರಿ 'ಅಂಡರ್ ದ ಗನ್'ನಲ್ಲಿ ಟಿವಿ ಪತ್ರಕರ್ತೆ ಕೇಟಿ ಕ್ಯೂರಿಕ್ ವರ್ಜೀನಿಯಾದ ಗನ್ ಹಕ್ಕು ಸಂಘದವರನ್ನ, ಹಿನ್ನೆಲೆ ತಪಾಸಣೆ ಇಲ್ದೆ ಅಪರಾಧಿಗಳು ಗನ್ ಕೊಳ್ಳದಂಗೆ ತಡೆಯೋದು ಹೆಂಗೆ ಅಂತ ಕೇಳ್ತಾರೆ. ತೆರೆ ಮೇಲೆ ಸುಮಾರು 9 ಸೆಕೆಂಡ್ ಎಲ್ರೂ ಗಪ್‌ಚುಪ್, ಒಬ್ರು ತಲೆ ತಗ್ಗಿಸ್ತಾರೆ. ಆಮೇಲೆ ಹೊರಗೆ ಬಂದ ಆಡಿಯೋದಲ್ಲಿ ಅವರು ತಕ್ಷಣಾನೇ ಉತ್ತರ ಕೊಟ್ಟಿದ್ರು. ಕ್ಯೂರಿಕ್ ತಪ್ಪಾಯ್ತು ಅಂದ್ರು, ಸಂಘದವರು ಹಾಕಿದ ಮಾನನಷ್ಟ ಕೇಸು ಕೋರ್ಟಲ್ಲಿ ನಿಲ್ಲಲಿಲ್ಲ, ಆದ್ರೆ ಆ ಸಿನಿಮಾದ ಉಳಿದ ಮಾತು ಕೇಳೋಕೆ ಗನ್ ಪರ ಇದ್ದವರಲ್ಲಿ ಯಾರು ಉಳಿದಿದ್ರು?